ನೆಲ ಡೊಂಕು

ಹದಿನಾಲ್ಕು ತಿಂಗಳಲ್ಲಿ ಇದು ಮೂರನೆಯದು.
ಎಲ್ಬಿಯೋ ಟೆಚೇರಾ ಪಂಪನ್ನು ಪತ್ರಿಕೆಯಲ್ಲಿ ಸುತ್ತಿ ತಂದಿದ್ದ,
ಪೇಟೆಯಿಂದ ಮೀನು ತಂದವನ ಹಾಗೆ.
ಸುದ್ದಿಯ ಮೇಲೆಲ್ಲ ಎಣ್ಣೆ ಹರಡಿತ್ತು.
ಹೊರಗೆ ಅವನ ಆಸ್ಟಿನ್, ಐವತ್ತೊಂದರ ಹುಟ್ಟು,
ಪಾಯ್ಸಾಂದೂವಿನ ಜನವರಿ ಬಿಸಿಲಲ್ಲಿ
ನಾದಿನಿಯ ವ್ಯಾನಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂದು
ಮೋರೆ ಇಳಿಬಿಟ್ಟು ನಿಂತಿತ್ತು.

"ಈಗಿನ ಮಾಲು, ನಿಲ್ಡಾ. ಬೆಣ್ಣೆ."
"ಬೆಣ್ಣೆಯೇ," ಎಂದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ:
ಎಂಜಿನ್ನಿನ ಹೊಟ್ಟೆಯಲ್ಲೊಂದು ದಂಡ ತಿರುಗುತ್ತದೆ,
ಅದರ ಮೈಮೇಲೊಂದು ಉಬ್ಬು.
ಪಂಪಿನ ತೋಳು ಆ ಉಬ್ಬಿಗೆ ಒರಗಿ ನಿಂತಿರುತ್ತದೆ.
ಉಬ್ಬು ಬಂತು, ತೋಳು ಎದ್ದಿತು, ಒಂದು ಗುಟುಕು ಎಳೆಯಿತು.
ಉಬ್ಬು ಹೋಯಿತು, ತೋಳು ಇಳಿಯಿತು, ಗುಟುಕು ಮುಂದಕ್ಕೆ.
ಇಷ್ಟೇ ಅದರ ಸಂಸಾರ,
ನಿಮಿಷಕ್ಕೆ ಸಾವಿರ ಸಲ.

ಬಿಚ್ಚಿದೆ.
ತೋಳಿನ ಪಾದ ಸವೆದು ಚಮಚೆಯಂತೆ ಹಳ್ಳ ಬಿದ್ದಿತ್ತು.
ಎಂಜಿನ್ ಎಣ್ಣೆಯಲ್ಲಿ ಬೆಳ್ಳಿಯ ಹುಡಿ;
ಬೆರಳಿಗೆ ಹತ್ತಿದ್ದು ಒರೆಸಿದರೂ ಹೋಗಲಿಲ್ಲ.

ಕಾರಿನ ಜೊತೆಗೇ ಹುಟ್ಟಿದ ಹಳೆಯ ಪಂಪು
ಅವನ ಬಿಸ್ಕತ್ತಿನ ಡಬ್ಬಿಯಲ್ಲಿತ್ತು.
ಅದರ ತೋಳಿಗೆ ಅರ ಹಾಕಿದೆ:
ಕಿರ್ರೆಂದು ಜಾರಿತು, ಗಾಜಿನ ಮೇಲೆ ಉಗುರು.
ಹೊಸದಕ್ಕೆ ಹಾಕಿದೆ:
ಗಜ್ಜರಿ ತುರಿದಂತೆ ಕಚ್ಚಿತು.
ಸ್ಪ್ರಿಂಗು ಮಾತ್ರ, ಅಬ್ಬ, ಹೆಬ್ಬೆರಳಿಗೆ ಬಗ್ಗದು.
ಮೆತ್ತನೆಯ ಪಾದ, ಹಟಮಾರಿ ಸ್ಪ್ರಿಂಗು,
ಯಾವ ಪುಣ್ಯಾತ್ಮ ಕೂಡಿಸಿದನೋ ಈ ಜೋಡಿಯನ್ನು!

ಕಾರ್ಖಾನೆಯವರನ್ನು ಬೈದೆ.
ಪೆಟ್ರೋಲಿಗೆ ಕಬ್ಬಿನ ಸಾರ ಬೆರೆಸುವವರನ್ನು,
ಎಣ್ಣೆಯಿಂದ ಸತುವು ಕದ್ದವರನ್ನು,
ಹಡಗನ್ನು, ಹಡಗಿನಲ್ಲಿ ತಂದವನನ್ನು ಬೈದೆ.
ಎಲ್ಬಿಯೋ ಕೆಟಲಿನ ಮೇಜಿಗೆ ಮೊಣಕೈ ಊರಿ
ಮಾಟೆಯ ಬುರುಡೆಗೆ ಬಿಸಿನೀರು ಹುಯ್ಯುತ್ತ
ಪ್ರತಿ ಬೈಗುಳಕ್ಕೂ ತಲೆದೂಗಿದ.

ಆಮೇಲೆ ಪಂಪು ಕೂರುವ ಜಾಗ ಒರೆಸಲು ಬಗ್ಗಿದೆ.
ಬೋಲ್ಟುಗಳು ಉದ್ದ.
ಬೇಕಾದ್ದಕ್ಕಿಂತ ಅರ್ಧ ಬೆರಳು ಉದ್ದ.
ಒರೆಸುವ ಬಟ್ಟೆ ಅಲ್ಲೇ ನಿಂತಿತು.

ಅಲ್ಲೊಂದು ಕರಿ ಬೇಕಲೈಟ್ ಬಿಲ್ಲೆ ಇರಬೇಕಿತ್ತು.
ಎಂಜಿನ್ನಿಗೂ ಪಂಪಿಗೂ ನಡುವೆ
ಬಿಸಿ ತಡೆಯಲಿಕ್ಕೆ,
ತೋಳಿಗೂ ಉಬ್ಬಿಗೂ ಮರ್ಯಾದೆಯ ದೂರ ಇಡಲಿಕ್ಕೆ.
ಅದಿಲ್ಲದೆ ತೋಳು ಒಂದು ಗಳಿಗೆಯೂ ಬಿಡುವಿಲ್ಲದೆ
ಅದುಮಿಸಿಕೊಂಡೇ ದುಡಿದಿದೆ.
ಮೊದಲ ಪಂಪು ಬಿಚ್ಚಿದವಳು ನಾನು.
ಬಿಲ್ಲೆ ತೆಗೆದು ಎಲ್ಲೋ ಇಟ್ಟವಳೂ ನಾನೇ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.
ನನ್ನ ಅಂಗಡಿಯ ನೆಲ ನಿಜವಾಗಿಯೂ ಡೊಂಕು.
ಕೆಟಲಿನ ಮೇಜು ವರ್ಷಗಟ್ಟಲೆ ಅಲುಗುತ್ತಿತ್ತು,
ಕಳೆದ ವರ್ಷ ಯಾವಾಗಲೋ ನಿಂತಿತು.
ಏಕೆಂದು ನಾನು ಕೇಳಿರಲಿಲ್ಲ.
ಕೆಲಸದ ಹುಡುಗ ಬುದ್ಧಿವಂತ, ಅಷ್ಟೇ ಅಂದುಕೊಂಡಿದ್ದೆ.

ಮಂಡಿಯೂರಿ ನೋಡಿದೆ.
ಮೇಜಿನ ಕಾಲಡಿ, ಎರಡು ತೂತಿನ ಬಿಲ್ಲೆ,
ತೂತುಗಳಲ್ಲಿ ಹದಿನಾಲ್ಕು ತಿಂಗಳ ಧೂಳು.

ಎಳೆದೆ. ಮೇಜು ವಾಲಿತು, ಕೆಟಲು ತುಳುಕಿತು,
ಎಲ್ಬಿಯೋನ ಪ್ಯಾಂಟು ನೆನೆಯಿತು.
ಸುಳ್ಳು ಬಾಯಿಯ ತನಕ ಬಂದಿತ್ತು.
ಅಂಗೈ ಚಾಚಿ ಬಿಲ್ಲೆ ತೋರಿಸಿದೆ.

ಬಹಳ ಹೊತ್ತು ನೋಡಿದ.
"ಮೂರು ಪಂಪು," ಎಂದ.
"ಮೂರು."
"ಆದರೂ ಉಕ್ಕು ಬೆಣ್ಣೆಯೇ ಅಲ್ಲವೇ, ನಿಲ್ಡಾ?"
ನನಗಾಗಿ ಕೇಳುತ್ತಿದ್ದಾನೆ ಎಂದು ಗೊತ್ತಾಯಿತು.
"ಬೆಣ್ಣೆಯೇ," ಎಂದೆ.
"ಕಾದ ಬಾಣಲೆಗೆ ಒತ್ತಿ ಹಿಡಿದವಳು ನಾನು."

ಹಳೆಯ ಪಂಪಿಗೆ ಹೊಸ ಡಯಾಫ್ರಂ ಹೊಲಿದಂತೆ ಕೂರಿಸಿದೆ.
ಐವತ್ತು ವರ್ಷ ಉಜ್ಜಿಸಿಕೊಂಡು ಕನ್ನಡಿಯಾದ ಆ ಪಾದ.
ಬಿಲ್ಲೆ ತೊಳೆದು ನಡುವೆ ಇಟ್ಟೆ.
ಕೈಯಿಂದ ಲಿವರ್ ಒತ್ತಿದೆ,
ಗಾಜಿನ ಬಟ್ಟಲಲ್ಲಿ ಪೆಟ್ರೋಲು ಮೆಲ್ಲಗೆ ಏರಿತು,
ಜ್ವರ ಬಿಟ್ಟ ಮಗು ಹಾಲು ಕುಡಿದಂತೆ, ಅರೆಮನಸ್ಸಿನಿಂದ.
ದುಡ್ಡಿನ ಮಾತು ಇಬ್ಬರೂ ಎತ್ತಲಿಲ್ಲ.
ಮೂರು ವಾರದ ಮೇಲೆ ಒಂದು ಬುಟ್ಟಿ ಕಿತ್ತಳೆ ಕಳಿಸಿದ,
ಅದು ಕ್ಷಮೆಯೋ ಬಿಲ್ಲೋ ತಿಳಿಯದು.

ಮೇಜು ಈಗ ಮತ್ತೆ ಅಲುಗುತ್ತದೆ.
ಹುಡುಗ ರಟ್ಟು ಮಡಚಿಕೊಂಡು ಬಂದ.
ಬೇಡ, ಇರಲಿ ಎಂದೆ.